ಮೊದಲು ನೀರಿಗೆ ಮದ್ದು

ಮೀನು ಬಾಯಿ ತೆರೆದು ಮೇಲೆ ಬಂತೆಂದರೆ ಸಾಕಣೆದಾರ ಓಡುವುದು ಔಷಧದ ಅಂಗಡಿಗೆ. ಕಾಯಿಲೆ ಇರುವುದು ಬಹುಪಾಲು ಸಲ ಹೊಂಡದ ನೀರಿನಲ್ಲಿ. ಕೆರೆ ತುಂಬಿ, ಮೀನುಮರಿ ಬಿಡುವ ಕಾಲ ಬಂದಿದೆ. ನೀರಿನ ನಾಡಿ ಹಿಡಿಯಲು ಕಲಿಯದಿದ್ದರೆ ಬಾಟಲಿಗೆ ಸುರಿದ ದುಡ್ಡು ನೀರುಪಾಲು.

ಬೆಳಗಿನ ಜಾವ ಐದು ಗಂಟೆ. ಮೂರು ದಿನದಿಂದ ಮೋಡ ಕವಿದುಕೊಂಡಿದೆ, ಗಾಳಿ ಅಲುಗಿಲ್ಲ. ತೋಟದಂಚಿನ ಕೃಷಿ ಹೊಂಡದಿಂದ ಪಚಪಚ ಸದ್ದು. ಟಾರ್ಚ್ ಬಿಟ್ಟರೆ ನೀರಿನ ಮೇಲೆಲ್ಲ ದುಂಡನೆಯ ಬಾಯಿಗಳು. ಕಾಟ್ಲಾಗಳು ಗಾಳಿ ನುಂಗುತ್ತಿವೆ. ಎಲ್ಲಕ್ಕಿಂತ ದೊಡ್ಡವೆರಡು ಆಗಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ.

ರೈತ ಗಾಬರಿಬಿದ್ದು ಫೋನ್ ಹಚ್ಚುತ್ತಾನೆ. ‘ಸಾರ್, ಮೀನಿಗೆ ರೋಗ ಬಂದೈತೆ. ಯಾವ ಔಷಧಿ ಹಾಕ್ಲಿ?’

ಅನುಭವಸ್ಥ ಮೀನುಗಾರಿಕೆ ಅಧಿಕಾರಿಯಾದರೆ ಔಷಧದ ಹೆಸರು ಹೇಳುವುದಿಲ್ಲ. ‘ಎಷ್ಟು ಹೊತ್ತಿಗೆ ಮೇಲೆ ಬಂದ್ವು? ನಿನ್ನೆ ಸಂಜೆ ತಿನಿಸು ಎಷ್ಟು ಹಾಕಿದ್ರಿ? ನೀರು ಯಾವ ಬಣ್ಣಕ್ಕೆ ತಿರುಗಿದೆ?’ ಎಂದು ಮರುಪ್ರಶ್ನೆ ಹಾಕುತ್ತಾರೆ.

ಬಿಸಿಲು ಏರಿ ಹತ್ತು ಗಂಟೆಯಾಗುವಾಗ ಉಳಿದ ಮೀನುಗಳು ತಾವಾಗಿಯೇ ಕೆಳಗಿಳಿಯುತ್ತವೆ. ಆರು ಗಂಟೆಗೆ ಯಾವುದಾದರೂ ಬಾಟಲಿ ಸುರಿದಿದ್ದರೆ ಆ ಕೀರ್ತಿಯೆಲ್ಲ ಬಾಟಲಿಗೆ ಸೇರುತ್ತಿತ್ತು. ಮೀನಿನ ಮದ್ದೆಂದು ಹೆಸರು ಮಾಡಿದ ಎಷ್ಟೋ ಸರಕುಗಳು ಸೂರ್ಯನ ಕೆಲಸಕ್ಕೆ ತಾವು ಸಂಬಳ ಪಡೆದಿವೆ.

ಹೊಂಡ ಬಂತು, ಮೀನೂ ಬಂತು

ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. 1957ರ ಅದೇ ದಿನ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಅಲ್ಲಿಯವರೆಗೆ ಗೆಂಡೆಯ ಮರಿ ಬೇಕೆಂದರೆ ಪ್ರವಾಹದ ನದಿಗೆ ಬಲೆ ಒಡ್ಡಿ ಕಾಯಬೇಕಿತ್ತು. ಇಂದು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬಸ್ಸು ಹತ್ತಿ ಊರಿಗೆ ಬರುತ್ತವೆ.

ಕರ್ನಾಟಕದಲ್ಲಿ ಮೀನು ಸಾಕಣೆ ಮೊದಲಿಗೆ ಊರ ಕೆರೆಯ ವ್ಯವಹಾರವಾಗಿತ್ತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಹೊಂಡಗಳು ಎದ್ದವು. ನೀರು ಇಂಗದಂತೆ ಟಾರ್ಪಾಲು ಹಾಸಿದ ಹೊಂಡದಲ್ಲಿ ನಾಲ್ಕು ಮರಿ ಬಿಟ್ಟರೆ ಹೇಗೆ ಎಂಬ ಆಸೆ ಸಹಜ. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಆ ಆಸೆಗೆ ಸಹಾಯಧನವನ್ನೂ ಸೇರಿಸಿತು. ನೀರಿನಲ್ಲೇ ಬ್ಯಾಕ್ಟೀರಿಯಾ ಬೆಳೆಸಿ ಒತ್ತೊತ್ತಾಗಿ ಮೀನು ಸಾಕುವ ಬಯೋಫ್ಲಾಕ್ ತೊಟ್ಟಿಗಳೂ ಮನೆ ಹಿತ್ತಲಿಗೆ ಬಂದವು.

ಸಾಕುವವರಲ್ಲಿ ಹೆಚ್ಚಿನವರು ಹಸು, ಕುರಿ, ಕೋಳಿ ಕಂಡವರು. ಹಸು ಮೇವು ಬಿಟ್ಟರೆ ಮೂಗು ಮುಟ್ಟಿ ನೋಡುತ್ತಾರೆ. ಮೀನಿನ ವಿಷಯ ಬೇರೆ. ಅದು ಉಸಿರಾಡುವುದೂ, ಉಣ್ಣುವುದೂ, ಮಲಮೂತ್ರ ಬಿಡುವುದೂ ಒಂದೇ ನೀರಿನಲ್ಲಿ. ಆ ನೀರು ಕೆಟ್ಟರೆ ಅದಕ್ಕೆ ಓಡಿಹೋಗಲು ಜಾಗವಿಲ್ಲ.

ರಾತ್ರಿಯ ಖರ್ಚು, ಹಗಲಿನ ಜಮೆ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಗೆ ಏರಿದರೆ 7.5. ಮೀನಿಗೆ ಉಸಿರಾಟದ ಬೇಡಿಕೆ ಹೆಚ್ಚುವುದು ಬಿಸಿಯಲ್ಲಿ. ನೀರಿನ ಹಿಡಿತ ಸಡಿಲವಾಗುವುದೂ ಬಿಸಿಯಲ್ಲೇ.

ಗೆಂಡೆ ಮೀನು ಚೆನ್ನಾಗಿ ತಿಂದು ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಇರಬೇಕು. 3ಕ್ಕಿಂತ ಕೆಳಗಿಳಿದರೆ ತಿನಿಸು ಬಿಡುತ್ತದೆ. 1ರ ಆಸುಪಾಸಿಗೆ ಬಂದರೆ ಹೆಣ ಎಣಿಸುವ ಕೆಲಸ.

ಈ ಆಮ್ಲಜನಕವನ್ನು ಹೊಂಡಕ್ಕೆ ಹೆಚ್ಚಾಗಿ ಜಮೆ ಮಾಡುವುದು ಹಸಿರು ಪಾಚಿ, ಅದೂ ಬಿಸಿಲಿದ್ದಾಗ ಮಾತ್ರ. ಕತ್ತಲಾದ ಕೂಡಲೇ ಅದೇ ಪಾಚಿ ಆಮ್ಲಜನಕವನ್ನು ಖರ್ಚು ಮಾಡಲು ಕೂರುತ್ತದೆ. ಮೀನಿನ ಖರ್ಚು ಬೇರೆ. ತಳದಲ್ಲಿ ಕೊಳೆಯುವ ಸಗಣಿ, ಉಳಿದ ಹಿಂಡಿ, ಎಲೆಗಳನ್ನು ಕರಗಿಸುವ ಬ್ಯಾಕ್ಟೀರಿಯಾಗಳ ಖರ್ಚು ಇನ್ನೂ ಬೇರೆ. ಲೆಕ್ಕ ತಳ ಮುಟ್ಟುವುದು ಸೂರ್ಯ ಹುಟ್ಟುವ ಮುನ್ನ.

ಮೋಡ ಕವಿದರೆ ಜಮೆ ಇಳಿಯುತ್ತದೆ, ಖರ್ಚು ಹಾಗೇ ಇರುತ್ತದೆ. ಒಂದು ದಿನವಾದರೆ ಹೇಗೋ ಸರಿದೂಗುತ್ತದೆ. ಮೂರನೇ ರಾತ್ರಿಗೆ ಹೊಂಡ ಸಾಲದಲ್ಲಿ ಬೀಳುತ್ತದೆ. ಮಳೆಗಾಲದ ಬೆಳಗುಗಳಲ್ಲಿ ಮೀನು ತೇಲುವುದರ ಹಿಂದಿನ ಗುಟ್ಟು ಇಷ್ಟೇ.

ಬೇಸಿಗೆಯ ಮೊದಲ ಜೋರು ಮಳೆಯದ್ದು ಇನ್ನೊಂದು ಕಾಟ. ಕಾದ ಮೇಲ್ಪದರದ ಮೇಲೆ ತಣ್ಣನೆಯ ಮಳೆನೀರು ಬಿದ್ದು ಕೆಳಗಿಳಿಯುತ್ತದೆ. ತಿಂಗಳುಗಟ್ಟಲೆ ಆಮ್ಲಜನಕ ಕಾಣದ ತಳದ ನೀರು ಮೇಲೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಹೈಡ್ರೋಜನ್ ಸಲ್ಫೈಡ್ ಕೂಡ ಜತೆಗೆ ಎದ್ದಿದೆ ಎಂದರ್ಥ.

ಮೊದಲ ಒಂದು ಗಂಟೆ

ಮೀನು ಬಾಯಿ ತೆರೆದಿರುವಾಗ ಬೇಕಾದದ್ದು ಉಸಿರು. ಪ್ಯಾಡಲ್ ವ್ಹೀಲ್ ಏರೇಟರ್ ಇದ್ದರೆ ಹಾಕಿ. ಇಲ್ಲದಿದ್ದರೆ ಡೀಸೆಲ್ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ಪೈಪಿನ ಬಾಯಿಗೆ ಹಲಗೆ ಅಡ್ಡ ಕೊಟ್ಟು, ಹನಿಹನಿಯಾಗಿ ಮೇಲಿಂದ ಬೀಳುವಂತೆ ಮಾಡಿ. ಹನಿ ಚಿಕ್ಕದಾದಷ್ಟೂ ಗಾಳಿ ಹೆಚ್ಚು ಸೇರುತ್ತದೆ.

ಕೊಳವೆಬಾವಿ ನೀರು ಬಿಡುವುದಾದರೆ ನೆನಪಿರಲಿ, ನೆಲದಾಳದಿಂದ ಬರುವ ನೀರಿನಲ್ಲಿ ಆಮ್ಲಜನಕ ಬಲು ಕಡಿಮೆ. ಪೈಪನ್ನು ನೀರೊಳಗೆ ಮುಳುಗಿಸಿಬಿಟ್ಟರೆ ಉಪಯೋಗವಿಲ್ಲ. ಎತ್ತರದಿಂದ ಚೆಲ್ಲಬೇಕು.

ತಿನಿಸು ನಿಲ್ಲಿಸಿ. ಸಗಣಿ, ಯೂರಿಯಾ ನಿಲ್ಲಿಸಿ. ಉಳಿದದ್ದನ್ನಾದರೂ ಮಾರೋಣವೆಂದು ಬಲೆ ಎಳೆಯಬೇಡಿ. ಬಲೆಯಡಿಯ ಕೆಸರು ಎದ್ದರೆ ಇರುವ ಅಷ್ಟಿಷ್ಟು ಆಮ್ಲಜನಕವೂ ಹೋಗುತ್ತದೆ.

ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದರೆ ಆಮ್ಲಜನಕ ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯದು. ಹೆಚ್ಚುವುದಿಲ್ಲ. ಅದು ಪಾಚಿಯನ್ನು ಕೊಲ್ಲುತ್ತದೆ. ಸತ್ತ ಪಾಚಿ ಕೊಳೆತು ಮರುದಿನದ ಲೆಕ್ಕ ಇನ್ನಷ್ಟು ಹದಗೆಡುತ್ತದೆ.

ವಿದ್ಯುತ್ ಯಾವಾಗ ಬೇಕು ಎನ್ನುವುದೂ ಇಲ್ಲೇ ತೀರ್ಮಾನವಾಗುತ್ತದೆ. ಬಿಸಿಲಿನ ಹಗಲಿನಲ್ಲಿ ಪಾಚಿಯೇ ಕೆಲಸ ಮಾಡುವುದರಿಂದ ಏರೇಟರ್ ತಿರುಗಬೇಕಾದದ್ದು ನಡುರಾತ್ರಿಯಿಂದ ಸೂರ್ಯೋದಯದವರೆಗೆ. ಬಯೋಫ್ಲಾಕ್ ತೊಟ್ಟಿಯವರಿಗೆ ಈ ರಿಯಾಯಿತಿಯೂ ಇಲ್ಲ. ಅಲ್ಲಿ ಮೀನೂ ಬ್ಯಾಕ್ಟೀರಿಯಾವೂ ಒತ್ತೊತ್ತಾಗಿ ಇರುವುದರಿಂದ ಕರೆಂಟ್ ಹೋದ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟುತ್ತದೆ. ಜನರೇಟರ್ ಇಲ್ಲದೆ ಬಯೋಫ್ಲಾಕ್‌ಗೆ ಕೈಹಾಕಬಾರದು.

---

ಸಾವು ಹೇಳುವ ಸುಳಿವು

ಬೆಳಗಿನ ಜಾವ, ಒಮ್ಮೆಲೇ, ದೊಡ್ಡವು ಮೊದಲು: ಆಮ್ಲಜನಕದ ಕೊರತೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಬದುಕಿದ್ದು, ಕಾಟ್ಲಾ ಮಾತ್ರ ಸತ್ತಿದ್ದರೆ ಅನುಮಾನವೇ ಬೇಡ.

ಯಾವ ಹೊತ್ತಿನಲ್ಲಾದರೂ, ಚಿಕ್ಕದು ದೊಡ್ಡದು ಎಲ್ಲ ಒಟ್ಟಿಗೆ: ವಿಷ. ಪಕ್ಕದ ಹೊಲಕ್ಕೆ ಕೀಟನಾಶಕ ಹೊಡೆದ ಮೇಲೆ ಮಳೆ ಬಂತೇ ಎಂದು ವಿಚಾರಿಸಿ. ಕಪ್ಪೆ, ನೀರುಹುಳುಗಳೂ ಸತ್ತಿದ್ದರೆ ಅನುಮಾನ ಬಲವಾಗುತ್ತದೆ.

ದಿನಕ್ಕೆ ನಾಲ್ಕೈದು, ಒಂದೇ ಜಾತಿಯವು, ಮೈಮೇಲೆ ಗುರುತು: ರೋಗ ಅಥವಾ ಪರೋಪಜೀವಿ. ಹುಣ್ಣು, ಉದುರಿದ ಹುರುಪೆ, ಕೊಳೆತ ರೆಕ್ಕೆ, ಬಿಳಿಚಿದ ಕಿವಿರು ನೋಡಿ.

ಕಿವಿರು ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ: ನೈಟ್ರೈಟ್. ರಕ್ತ ಆಮ್ಲಜನಕ ಹೊರಲಾರದಂತಾಗಿದೆ.

---

ಮಧ್ಯಾಹ್ನದ ವಿಷ

ಆಮ್ಲಜನಕದ ಕೊರತೆ ಬೆಳಗಿನ ಜಾವ ಕೊಲ್ಲುತ್ತದೆ. ಅಮೋನಿಯಾದ ಹೊತ್ತು ಮಧ್ಯಾಹ್ನ.

ಮೀನಿಗೆ ಹಾಕಿದ ತಿನಿಸಿನ ಸಾರಜನಕದಲ್ಲಿ ಸುಮಾರು ಕಾಲುಭಾಗ ಮಾತ್ರ ಅದರ ಮೈಗೆ ಹತ್ತುತ್ತದೆ. ಉಳಿದದ್ದು ನೀರಿಗೆ. ಅದರಲ್ಲಿ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ. ಹೆಚ್ಚು ಹಾಕಿದರೆ ಬೇಗ ಬೆಳೆಯುತ್ತದೆಂದು ಸುರಿದ ಪ್ರತಿ ಹಿಡಿ ಕಡಲೆಕಾಯಿ ಹಿಂಡಿಯೂ ಈ ಖಾತೆಗೇ ಹೋಗುತ್ತದೆ.

ಅಮೋನಿಯಾಕ್ಕೆ ಎರಡು ರೂಪ. ಒಂದು ಹೆಚ್ಚೇನೂ ಕೇಡು ಮಾಡದು, ಇನ್ನೊಂದು ಕಿವಿರನ್ನು ಸುಡುತ್ತದೆ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. 8ಕ್ಕೆ ಏರಿದರೆ ಐದು ಪಾಲು ದಾಟುತ್ತದೆ. 9 ಮುಟ್ಟಿದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು.

ಬಿಸಿಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿದ್ದಂತೆ ಪಿಎಚ್ ಏರುತ್ತ ಹೋಗುತ್ತದೆ. ಗಾಢ ಹಸಿರಾದ ಹೊಂಡದಲ್ಲಿ ಬೆಳಿಗ್ಗೆ 7.5 ಇದ್ದದ್ದು ಮಧ್ಯಾಹ್ನ 9 ದಾಟುವುದುಂಟು. ಬೆಳಿಗ್ಗೆ ಪರೀಕ್ಷೆ ಮಾಡಿದವನಿಗೆ ಎಲ್ಲವೂ ಸರಿ ಎನಿಸುತ್ತದೆ, ಮೂರು ಗಂಟೆಗೆ ಮೀನು ದಿಕ್ಕೆಟ್ಟು ಸುತ್ತುತ್ತದೆ. ಪಿಎಚ್ ನೋಡುವುದಾದರೆ ದಿನಕ್ಕೆ ಎರಡು ಸಲ, ಸೂರ್ಯೋದಯಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ.

ಸುಣ್ಣದ ಅಪಾಯವೂ ಇಲ್ಲೇ ಇದೆ. ಮೀನಿಗೆ ಏನೇ ಆದರೂ ಸುಣ್ಣ ಎರಚುವುದು ನಮ್ಮಲ್ಲಿ ರೂಢಿ. ಸುಣ್ಣ ಪಿಎಚ್ ಏರಿಸುತ್ತದೆ. ಅಮೋನಿಯಾ ತುಂಬಿದ ನೀರಿಗೆ ಸುಣ್ಣ ಬಿದ್ದರೆ ಅಷ್ಟುಹೊತ್ತು ತಣ್ಣಗಿದ್ದ ಅಮೋನಿಯಾ ಒಮ್ಮೆಲೇ ವಿಷವಾಗುತ್ತದೆ. ರೋಗಕ್ಕೆ ಸತ್ತವೆಂದು ಗುಂಡಿಗೆ ಹಾಕಿದ ಮೀನುಗಳಲ್ಲಿ ಸುಣ್ಣಕ್ಕೆ ಸತ್ತವೂ ಇರುತ್ತವೆ.

ಅಮೋನಿಯಾ ಏರಿದ್ದರೆ ದಾರಿ ಸರಳ. ಎರಡು ಮೂರು ದಿನ ತಿನಿಸು ನಿಲ್ಲಿಸಿ. ತಳದ ನೀರನ್ನು ಕಾಲುಭಾಗದಷ್ಟು ಹೊರಹಾಕಿ ಹೊಸ ನೀರು ಬಿಡಿ. ಗಾಳಿ ಕೊಡಿ. ಹೊರಹಾಕಿದ ನೀರು ತೆಂಗು, ಅಡಿಕೆ, ಬಾಳೆಗೆ ಒಳ್ಳೆಯ ಗೊಬ್ಬರ.

ಕಿವಿರನ್ನು ಚಾಕೊಲೇಟ್ ಬಣ್ಣಕ್ಕೆ ತಿರುಗಿಸುವ ನೈಟ್ರೈಟ್ ಆದರೆ ಮದ್ದು ಅಡುಗೆಮನೆಯಲ್ಲಿದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟನ್ನು ತಡೆಯುತ್ತದೆ. ನೀರಿನಲ್ಲಿ ನೈಟ್ರೈಟ್‌ಗಿಂತ ಹತ್ತು ಪಟ್ಟು ಕ್ಲೋರೈಡ್ ಇದ್ದರೆ ಮೀನು ಬಚಾವ್. ಕಲ್ಲುಪ್ಪು ಸಾಕು.

ಮಲೆನಾಡ ನೀರು, ಬಯಲುಸೀಮೆ ನೀರು

ಒಂದೇ ಸಲಹೆ ಇಡೀ ರಾಜ್ಯಕ್ಕೆ ಹೊಂದುವುದಿಲ್ಲ.

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ. ಅಲ್ಲಿನ ಮಳೆನೀರು ತುಂಬಿದ ಹೊಂಡಗಳಲ್ಲಿ ಸುಣ್ಣದಂಶ ಕಡಿಮೆ, ಪಿಎಚ್ ಸ್ವಲ್ಪಕ್ಕೇ ಏರಿಳಿಯುತ್ತದೆ. ಅಂಥ ಕಡೆ ಮರಿ ಬಿಡುವ ಮೊದಲು ಸುಣ್ಣ ಹಾಕುವುದು ಅಗತ್ಯ. ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆಬಾವಿ ನೀರು ಗಡುಸು. ಅದರಲ್ಲಿ ಸುಣ್ಣದಂಶ ಮೊದಲೇ ಬೇಕಾದಷ್ಟಿರುತ್ತದೆ. ಅಲ್ಲಿ ಕಣ್ಣುಮುಚ್ಚಿ ಸುಣ್ಣ ಸುರಿಯುವುದು ದುಡ್ಡಿಗೂ ಮೀನಿಗೂ ದಂಡ.

ಟಾರ್ಪಾಲು ಹಾಸಿದ ಹೊಂಡದ ಪಾಡು ಇನ್ನೊಂದು ಥರ. ಮಣ್ಣಿನ ತಳವಿರುವ ಕೆರೆಯಲ್ಲಿ ಕೊಳೆಯನ್ನು ಅರಗಿಸಿಕೊಳ್ಳುವ ಜೀವರಾಶಿ ಮಣ್ಣಿನೊಳಗೇ ಇರುತ್ತದೆ. ಮೀನಿಗೆ ಹುಳುಹುಪ್ಪಟೆಯ ಊಟವೂ ಅಲ್ಲೇ. ಟಾರ್ಪಾಲಿನ ಮೇಲೆ ಅದ್ಯಾವುದೂ ಇಲ್ಲ. ಉಳಿದ ತಿನಿಸು, ಮಲ ಎಲ್ಲ ತಳದಲ್ಲಿ ಕಪ್ಪು ಕೆಸರಾಗಿ ಕೂರುತ್ತವೆ. ಹೊಂಡ ಆಳ, ದಡ ಕಡಿದು, ಗಾಳಿ ತಾಗುವ ಮೇಲ್ಮೈ ಚಿಕ್ಕದು. ಅಲ್ಲಿ ಕೆರೆಯಷ್ಟೇ ದಟ್ಟವಾಗಿ ಮರಿ ಬಿಡುವವರು ಏರೇಟರಿಗೂ ದುಡ್ಡು ತೆಗೆದಿಡಬೇಕು.

---

ನೆನಪಿಡಬೇಕಾದ ಅಂಕಿಗಳು

- ಕರಗಿದ ಆಮ್ಲಜನಕ: ಬೆಳಗಿನ ಜಾವ ಲೀಟರಿಗೆ 4ರಿಂದ 5 ಮಿಲಿಗ್ರಾಂಗೆ ಕಡಿಮೆಯಾಗದಿರಲಿ.
- ಪಿಎಚ್: 6.5ರಿಂದ 8.5. ದಿನದೊಳಗಿನ ಏರಿಳಿತ ಕಡಿಮೆಯಿದ್ದಷ್ಟೂ ಒಳ್ಳೆಯದು.
- ವಿಷರೂಪದ ಅಮೋನಿಯಾ: ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು.
- ನೀರಿನ ಪಾರದರ್ಶಕತೆ: 30ರಿಂದ 40 ಸೆಂಟಿಮೀಟರ್. 20ಕ್ಕಿಂತ ಕಡಿಮೆಯಾದರೆ ಪಾಚಿ ಮಿತಿಮೀರಿದೆ.
- ಪಾರದರ್ಶಕತೆ ಅಳೆಯುವ ಬಿಳಿ ತಟ್ಟೆಯನ್ನು 1865ರಲ್ಲಿ ಮೊದಲು ಪ್ರಯೋಗಿಸಿದವರು ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೋ ಸೆಕ್ಕಿ, ಪೋಪ್ ಅವರ ಹಡಗಿನಿಂದ. ಹೊಂಡಕ್ಕೆ ತಟ್ಟೆಯೂ ಬೇಡ. ಮೊಣಕೈವರೆಗೆ ತೋಳು ಮುಳುಗಿಸಿ. ಅಂಗೈ ಮಸುಕಾಗಿ ಕಂಡರೆ ಸರಿ, ಅರ್ಧದಲ್ಲೇ ಮಾಯವಾದರೆ ಗೊಬ್ಬರ ನಿಲ್ಲಿಸಿ.

---

1988ರ ಕೆಂಪು ಹುಣ್ಣು

ನೀರೇ ಎಲ್ಲಕ್ಕೂ ಕಾರಣ ಎಂದರೆ ಅತಿಮಾತು. ನಿಜವಾದ ರೋಗಗಳೂ ಇವೆ. ಅವುಗಳಲ್ಲಿ ಭಾರತವನ್ನು ಬೆಚ್ಚಿಬೀಳಿಸಿದ್ದು ಕೆಂಪು ಹುಣ್ಣು ರೋಗ.

1970ರ ದಶಕದ ಆರಂಭದಲ್ಲಿ ಜಪಾನ್, ಆಸ್ಟ್ರೇಲಿಯಾಗಳಲ್ಲಿ ಕಂಡ ಈ ರೋಗ ಆಗ್ನೇಯ ಏಷ್ಯಾವನ್ನು ದಾಟಿ, ಬಾಂಗ್ಲಾದೇಶದ ಮೂಲಕ 1988ರಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಗೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಮೈಮೇಲೆ ಕೆಂಪು ಚುಕ್ಕೆ ಎದ್ದು, ಹುಣ್ಣಾಗಿ, ಮಾಂಸ ಕೊಳೆತು ಮೂಳೆ ಕಾಣುವವರೆಗೂ ಹೋಗುತ್ತದೆ. ಕೊರವ ಮತ್ತು ಸಣ್ಣ ಕೆರೆಮೀನುಗಳು ಮೊದಲ ಬಲಿ. ಮಾರುಕಟ್ಟೆಯಲ್ಲಿ ಜನ ಮೀನು ಮುಟ್ಟಲು ಹೆದರಿದರು.

ವೈರಸ್ಸೇ, ಬ್ಯಾಕ್ಟೀರಿಯಾವೇ, ಕೀಟನಾಶಕವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ ಮೂಲ ಎಂದು ಸ್ಥಿರವಾದದ್ದು ಅಫನೊಮೈಸಿಸ್ ಇನ್ವಡಾನ್ಸ್ ಎಂಬ ಶಿಲೀಂಧ್ರದಂಥ ಜೀವಿ. ಮನುಷ್ಯರಿಗೆ ಅದು ಅಂಟುವುದಿಲ್ಲ.

ಈ ಜೀವಿಗೂ ನೀರಿನ ಸಹಾಯ ಬೇಕು. ಮಳೆ ನಿಂತು ಚಳಿ ಹಿಡಿಯುವಾಗ, ನೀರು ತಣ್ಣಗಾಗಿ ಮೀನಿನ ಪ್ರತಿರೋಧ ಕುಗ್ಗಿದಾಗ, ಸುಣ್ಣದಂಶ ಕಡಿಮೆಯಿರುವ ಹೊಂಡಗಳಲ್ಲಿ ಅದು ಹಬ್ಬುತ್ತದೆ. ಸುಣ್ಣ ನಿಜವಾಗಿ ಮದ್ದಾಗುವ ಜಾಗ ಇದು. ಚಳಿಗೆ ಮುಂಚೆ ಹೆಕ್ಟೇರಿಗೆ 200 ಕಿಲೋ, ಎಕರೆಗೆ 80 ಕಿಲೋ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಆರಿಸಿ ಎರಚಬೇಕು. ಅದಕ್ಕೂ ಮೊದಲು ಪಿಎಚ್, ಅಮೋನಿಯಾ ನೋಡಿರಬೇಕು.

ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆ ಈ ರೋಗಕ್ಕೆಂದೇ ಸಿಫಾಕ್ಸ್ ಎಂಬ ದ್ರಾವಣ ರೂಪಿಸಿತು. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್. ರೋಗದ ಹೆಸರು ಹಿಡಿದು, ಪ್ರಯೋಗಾಲಯದಲ್ಲಿ ತೂಗಿ ಮಾಡಿದ ಮದ್ದಿಗೂ ಅಂಗಡಿಯವನ ಊಹೆಗೂ ಇರುವ ಅಂತರ ಇದು.

ಬರಿಗಣ್ಣಿಗೆ ಕಾಣುವ ಶತ್ರು

ಮೀನು ನೀರಿನಿಂದ ಪದೇ ಪದೇ ನೆಗೆಯುತ್ತಿದೆ, ಕಲ್ಲಿಗೆ, ಕಂಬಕ್ಕೆ ಮೈ ಉಜ್ಜುತ್ತಿದೆ ಎಂದರೆ ಬೀಸುಬಲೆಯಲ್ಲಿ ನಾಲ್ಕನ್ನು ಹಿಡಿದು ನೋಡಿ. ರೆಕ್ಕೆಯ ಬುಡದಲ್ಲಿ, ಹುರುಪೆಯ ಮೇಲೆ ಚಪ್ಪಟೆಯಾದ, ಪಾರದರ್ಶಕ ಚುಕ್ಕೆಗಳು ಹರಿದಾಡಿದರೆ ಅದು ಮೀನುಹೇನು, ಅಂದರೆ ಆರ್ಗುಲಸ್. ರಕ್ತ ಹೀರುತ್ತದೆ. ಅದು ಕಚ್ಚಿದ ಗಾಯದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ.

ಹೇನಿಗೆ ಮದ್ದು ಹಾಕಿದ ಮೂರು ವಾರಕ್ಕೆ ಮತ್ತೆ ಹೇನು! ಮದ್ದು ಕಲಬೆರಕೆ ಎಂದು ಬೈಯುವ ಮುನ್ನ ಅದರ ಸಂಸಾರ ತಿಳಿಯಬೇಕು. ಮೀನುಹೇನು ಮೊಟ್ಟೆ ಇಡುವುದು ಮೀನಿನ ಮೇಲಲ್ಲ, ಕಲ್ಲು, ಕಂಬ, ಹಲಗೆಯ ಮೇಲೆ. ಮೊಟ್ಟೆಗೆ ಮದ್ದು ತಟ್ಟುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರಕ್ಕೆ ಮರಿ ಹೊರಬರುತ್ತದೆ. ಆದ್ದರಿಂದ ಹೊಂಡದಲ್ಲಿ ಬಿದಿರಿನ ತಟ್ಟಿಗಳನ್ನು ನಿಲ್ಲಿಸಿ, ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಒಣಗಿಸಿದರೆ ಮೊಟ್ಟೆಗಳೆಲ್ಲ ಅಲ್ಲೇ ಸಾಯುತ್ತವೆ. ಖರ್ಚು ಒಂದು ಬಿದಿರಿನದು.

ಹೇನು ಸಾಮಾನ್ಯವಾಗಿ ಬರುವುದು ಹೊಸ ಮರಿಗಳ ಜತೆ, ಇನ್ನೊಬ್ಬರಿಂದ ಎರವಲು ತಂದ ಒದ್ದೆ ಬಲೆಯ ಜತೆ. ಬಲೆ ಕೊಡುವುದೂ ತರುವುದೂ ಊರ ಸ್ನೇಹ. ಒಣಗಿಸಿ ತನ್ನಿ, ಒಣಗಿಸಿ ಕೊಡಿ.

---

ಎಷ್ಟು ಹಾಕಬೇಕು? ಲೆಕ್ಕ ಹೀಗೆ

ಉದ್ದ × ಅಗಲ × ಸರಾಸರಿ ಆಳ, ಮೂರೂ ಮೀಟರಿನಲ್ಲಿ. ಬಂದದ್ದು ಘನಮೀಟರ್. ಪ್ರತಿ ಘನಮೀಟರಿಗೆ ಒಂದು ಗ್ರಾಂ ಹಾಕಿದರೆ ಒಂದು ಪಿಪಿಎಂ.

ಒಂದು ಎಕರೆ, ಒಂದು ಮೀಟರ್ ಆಳ: ಸುಮಾರು 4,000 ಘನಮೀಟರ್. ಅಂದರೆ ಒಂದು ಪಿಪಿಎಂಗೆ 4 ಕಿಲೋ. ಆಳವನ್ನು ಅಂದಾಜಿನಲ್ಲಿ ಎರಡು ಮೀಟರ್ ಎಂದುಕೊಂಡು ನೀರು ಒಂದೇ ಮೀಟರ್ ಇದ್ದರೆ ಮದ್ದು ದುಪ್ಪಟ್ಟಾಗುತ್ತದೆ. ಇಳಿಜಾರಿನ ದಡವಿರುವ ಹೊಂಡದಲ್ಲಿ ಮೇಲಿನ ಅಳತೆ ಮಾತ್ರ ಹಿಡಿದರೂ ಇದೇ ತಪ್ಪು.

ಉಪ್ಪಿನ ಅದ್ದುಸ್ನಾನ: ಲೀಟರಿಗೆ 20ರಿಂದ 30 ಗ್ರಾಂ ಉಪ್ಪು, ಒಂದೆರಡು ನಿಮಿಷ. ಮೀನು ಮಗುಚಲು ತೊಡಗಿದರೆ ತಕ್ಷಣ ಹೊರಗೆ.

---

ಬಾಟಲಿಯ ಮಾತು

ತಿನಿಸಿನ ಅಂಗಡಿಗಳಲ್ಲಿ ಆ್ಯಂಟಿಬಯೋಟಿಕ್ ಪುಡಿ ಚೀಟಿಯಿಲ್ಲದೆ ಸಿಗುವುದು ಗುಟ್ಟೇನಲ್ಲ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ತಿನಿಸು. ತಿನಿಸಿಗೆ ಬೆರೆಸಿದ ಮದ್ದು ಹಾಗಾಗಿ ಆರೋಗ್ಯವಂತ ಮೀನಿನ ಹೊಟ್ಟೆ ಸೇರುತ್ತದೆ, ಉಳಿದದ್ದು ತಳದ ಕೆಸರಿಗೆ. ಅಲ್ಲಿನ ಬ್ಯಾಕ್ಟೀರಿಯಾಗಳು ಮದ್ದಿಗೆ ಒಗ್ಗಿಕೊಳ್ಳುತ್ತವೆ. ಹಾಗೆ ಒಗ್ಗಿದ ಬ್ಯಾಕ್ಟೀರಿಯಾ ಮನುಷ್ಯನಿಗೆ ತಗುಲಿದರೆ ಆಸ್ಪತ್ರೆಯ ಮದ್ದೂ ಕೈಕೊಡಬಹುದು.

ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳು ಮೀನು ಸಾಕಣೆಯಲ್ಲಿ ನಿಷಿದ್ಧ. ಅಲಂಕಾರಿಕ ಮೀನಿನ ತೊಟ್ಟಿಗಳಲ್ಲಿ ಹಿಂದೆ ಬಳಸುತ್ತಿದ್ದ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ತಿನ್ನುವ ಮೀನಿಗೆ ತಾಗಲೇಬಾರದು. ಅದು ಮಾಂಸದಲ್ಲಿ ಉಳಿಯುತ್ತದೆ, ಕ್ಯಾನ್ಸರಿನ ಭಯವಿದೆ.

ಹಾಗಾದರೆ ಯಾರನ್ನು ಕೇಳಬೇಕು? ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಇದೆ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲೇ ಇದೆ. ಜಲಚರಗಳ ರೋಗದ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ರೈತರು ಫೋಟೊ ಸಮೇತ ರೋಗ ತಿಳಿಸಲೆಂದು ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ 2023ರಲ್ಲಿ ಬಂದಿದೆ.

ಪರೀಕ್ಷೆಗೆ ಒಯ್ಯುವುದಾದರೆ ಕೊಳೆತ ಹೆಣ ಬೇಡ. ಸತ್ತ ಸ್ವಲ್ಪ ಹೊತ್ತಿನಲ್ಲೇ ಮೀನಿನ ಮೈಯನ್ನು ಬೇರೆ ಬ್ಯಾಕ್ಟೀರಿಯಾಗಳು ಮುತ್ತುವುದರಿಂದ ಏನೂ ತಿಳಿಯುವುದಿಲ್ಲ. ಕಾಯಿಲೆ ಕಾಣಿಸಿಕೊಂಡ, ಇನ್ನೂ ಜೀವವಿರುವ ಎರಡು ಮೂರು ಮೀನುಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಹೊಂಡದ ನೀರನ್ನು ಬೇರೆ ಬಾಟಲಿಯಲ್ಲಿ ತುಂಬಿಕೊಳ್ಳಿ. ಎಷ್ಟು ಹೊತ್ತಿಗೆ ತುಂಬಿದ್ದೆಂದು ಬರೆದಿಡಿ.

ಊರ ಕೆರೆಯ ದೊಡ್ಡ ಪಾಠ

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು. ನಡಿಗೆಗೆ ಬಂದವರು ಮೂಗು ಮುಚ್ಚಿಕೊಂಡರು, ಪತ್ರಿಕೆಗಳಲ್ಲಿ ಚಿತ್ರ ಬಂತು. ಆಮೇಲೂ ನಗರದ ಬೇರೆ ಬೇರೆ ಕೆರೆಗಳಲ್ಲಿ, ಅದರಲ್ಲೂ ಬೇಸಿಗೆಯ ಮೊದಲ ಮಳೆಗೆ, ಇಂಥದೇ ಚಿತ್ರ ಮರುಕಳಿಸುತ್ತಿದೆ.

ಅಲ್ಲಿ ತಿನಿಸು ಹೆಚ್ಚು ಹಾಕಿದ ರೈತನಿಲ್ಲ. ಹಾಕುತ್ತಿರುವುದು ಇಡೀ ನಗರ. ಒಳಚರಂಡಿಯ ನೀರು ಕೆರೆ ಸೇರಿದರೆ ಪಾಚಿಗೆ ಹಬ್ಬ. ಪಾಚಿ ಹೆಚ್ಚಿದಷ್ಟೂ ರಾತ್ರಿಯ ಖರ್ಚು ಹೆಚ್ಚು. ಮೊದಲ ಮಳೆ ಬೀದಿಯ ಕೊಳೆಯನ್ನೂ ಚರಂಡಿಯ ಹೂಳನ್ನೂ ಒಮ್ಮೆಲೇ ತಳ್ಳಿದರೆ ಉಳಿದ ಉಸಿರೂ ಮುಗಿಯಿತು. ಕೆರೆಯ ನಡುವೆ ಕಾರಂಜಿ ಕೂರಿಸುವುದು ನೋಡಲು ಚೆಂದ, ಸ್ವಲ್ಪ ಗಾಳಿಯನ್ನೂ ಸೇರಿಸುತ್ತದೆ. ಕೊಳಚೆ ಬರುವ ಬಾಯಿ ಮುಚ್ಚದ ಹೊರತು ಅದು ತೇಪೆ ಕೆಲಸ.

ಅರ್ಧ ಎಕರೆಯ ಹೊಂಡಕ್ಕೂ ನೂರು ಎಕರೆಯ ಕೆರೆಗೂ ನಿಯಮ ಒಂದೇ. ಎಷ್ಟನ್ನು ಅರಗಿಸಿಕೊಳ್ಳಬಲ್ಲದೋ ಅದಕ್ಕಿಂತ ಹೆಚ್ಚು ತುರುಕಿದ ನೀರು ಮೊದಲು ಮೀನನ್ನು ಕಳೆದುಕೊಳ್ಳುತ್ತದೆ.

ಮರಿ ಬಿಡುವ ಮುನ್ನ

ಈ ಸಲ ಮರಿ ತರುವವರಿಗೆ ಕೆಲವು ಮಾತು.

ಬೇಸಿಗೆಯಲ್ಲಿ ಹೊಂಡ ಬತ್ತಿದ್ದಾಗಲೇ ತಳದ ಕಪ್ಪು ಕೆಸರು ತೆಗೆದು, ಬಿರುಕು ಬಿಡುವವರೆಗೆ ಒಣಗಿಸಬೇಕಿತ್ತು. ಹಾಗೆ ಮಾಡದಿದ್ದರೆ ಮರಿಗಳ ಸಂಖ್ಯೆಯನ್ನಾದರೂ ಇಳಿಸಿ. ಏರೇಟರ್ ಇಲ್ಲದ ಹೊಂಡಕ್ಕೆ ಎಕರೆಗೆ 2,000 ಮರಿ ಸಾಕು. ವ್ಯವಸ್ಥೆ ಚೆನ್ನಾಗಿದ್ದರೂ 4,000 ದಾಟಬೇಡಿ.

ಮರಿ ಬಂದ ಕೂಡಲೇ ಚೀಲ ಕತ್ತರಿಸಿ ಸುರಿಯಬೇಡಿ. ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಚೀಲವನ್ನು ನೀರಿನಲ್ಲಿ ತೇಲಿಬಿಡಿ, ಎರಡೂ ನೀರಿನ ಬಿಸಿ ಒಂದಾಗಲಿ. ಆಮೇಲೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ, ಮರಿ ತಾನಾಗಿ ಈಜಿಕೊಂಡು ಹೊರಗೆ ಬರಲು ಬಿಡಿ. ತಂಪು ಹೊತ್ತಿನಲ್ಲಿ ಬಿಡುವುದು ಲೇಸು.

ತಿನಿಸನ್ನು ತಟ್ಟೆಯಲ್ಲಿಟ್ಟು ಇಳಿಸಿ. ಎರಡು ಗಂಟೆಯ ನಂತರ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ಮೋಡ ಕವಿದ ದಿನ ತಿನಿಸಿಗೆ ರಜೆ. ಒಂದು ದಿನ ಉಪವಾಸವಿದ್ದ ಮೀನು ಸಾಯುವುದಿಲ್ಲ. ಹೊಟ್ಟೆ ತುಂಬಿದ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುವುದರಿಂದ ಮೊದಲು ಸಾಯುವುದು ಅದೇ.

ಮರಿಗೆ ಮುಂಗಡ ಕೊಡುವ ಮುನ್ನ ಪಿಎಚ್ ಕಾಗದದ ಒಂದು ಕಟ್ಟು, ಅಮೋನಿಯಾ ಪರೀಕ್ಷೆಯ ಒಂದು ಕಿಟ್, ದಿನದ ಲೆಕ್ಕ ಬರೆಯಲು ಒಂದು ನೋಟ್‌ಬುಕ್ ಕೊಂಡಿಡಿ. ನೀರಿನ ಬಣ್ಣ, ಎರಡು ಹೊತ್ತಿನ ಪಿಎಚ್, ಹಾಕಿದ ತಿನಿಸು, ಸತ್ತ ಮೀನಿನ ಲೆಕ್ಕ ಅದರಲ್ಲಿರಲಿ. ಮೀನಿಗೆ ಏನಾದರೂ ಆದಾಗ ಅಂಗಡಿಗೆ ಹೋಗುವ ಮೊದಲು ಆ ಪುಟಗಳನ್ನು ತಿರುವಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದಾಗ ಮಾತ್ರ ಬಾಟಲಿ, ಅದೂ ಬಲ್ಲವರು ಬರೆದುಕೊಟ್ಟ ಮೇಲೆ.